ತಾರಸಿಯ ಮೇಲಿನ ಸವತಿ

ನಮ್ಮ ಕಡೆ ಯುಗಾದಿಗಿಂತ ಅದರ ಮರುದಿನಕ್ಕೇ ತೂಕ ಹೆಚ್ಚು. ಯುಗಾದಿಯ ದಿನ ಎಣ್ಣೆ ಸ್ನಾನ ಮಾಡಿ, ಬೇವು ಬೆಲ್ಲ ತಿಂದು, ಒಬ್ಬಟ್ಟು ಉಂಡು ಊರಿಗೆಲ್ಲ ಒಳ್ಳೆಯವರಾಗಿರುತ್ತೇವೆ. ಮರುದಿನ ಹೊಸತೊಡಕು. ಅವತ್ತು ಬೆಳಕು ಹರಿಯುವ ಮುಂಚೆಯೇ ಯಲಹಂಕದ ಮಟನ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ವರ್ಷವಿಡೀ ಎಂಟು ಗಂಟೆಯಾದರೂ ಹಾಸಿಗೆ ಬಿಡದ ಗಂಡಸರು ಆ ಸಾಲಿನಲ್ಲಿ ಸ್ಟೀಲ್ ಡಬ್ಬಿ ಹಿಡಿದು ಶಾಲೆಯ ಪ್ರಾರ್ಥನೆಗೆ ನಿಂತಷ್ಟು ಶಿಸ್ತಾಗಿ ನಿಂತಿರುತ್ತಾರೆ.

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷಪೂರ್ತಿ ಅದನ್ನೇ ಮಾಡುತ್ತೇವೆ ಎಂಬುದು ನಮ್ಮತ್ತೆ ಅಂಜನಮ್ಮನವರ ನಂಬಿಕೆ. ನಂಬಿಕೆ ಎನ್ನುವುದು ಸಣ್ಣ ಮಾತು, ಕಾನೂನು ಎನ್ನಬೇಕು. ಅವತ್ತು ಜಗಳ ಆಡುವಂತಿಲ್ಲ, ಅಳುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಅತ್ತೆ ಬೆಳಗ್ಗೆಯಿಂದ ಮಂಚದ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ವರ್ಷವಿಡೀ ಹಾಗೇ ಕೂತಿರಬೇಕೆಂಬ ಆಸೆ. ಅವರ ಮಟ್ಟಿಗೆ ಹೊಸತೊಡಕು ಒಮ್ಮೆಯೂ ಕೈಕೊಟ್ಟಿಲ್ಲ.

ಎರಡು ಸಾವಿರದ ಹದಿನೈದರ ಹೊಸತೊಡಕಿನ ದಿನ ನಮ್ಮ ಯಜಮಾನರು, ಬಾಲರಾಜ್, ಮಟನ್ ತರಲು ಹೋಗಿ ಒಂದು ರಟ್ಟಿನ ಡಬ್ಬ ತಂದರು. ಡಬ್ಬಕ್ಕೆ ತೂತುಗಳಿದ್ದವು. ಒಳಗಿನಿಂದ ಗುಟುರು ಕೇಳಿಸಿತು. ಮಟನ್ ಗುಟುರು ಹಾಕುವುದಿಲ್ಲ ಎಂಬಷ್ಟು ಅಡುಗೆಯ ಜ್ಞಾನ ನನಗಿತ್ತು. ತೆಗೆದು ನೋಡಿದರೆ ಎರಡು ಪಾರಿವಾಳ. ನಾನು ಕಾನೂನು ಮರೆತು ಬೀದಿಗೆ ಕೇಳಿಸುವಂತೆ ಕೂಗಾಡಿದೆ. ಅವರು ಡಬ್ಬ ಎತ್ತಿಕೊಂಡು ತಾರಸಿಗೆ ಹೋಗಿ ಆಕಾಶ ನೋಡುತ್ತಾ ಮಲಗಿದರು. ನಾನು ಸಿಟ್ಟಿನಲ್ಲಿ ಊಟ ಬಿಟ್ಟೆ. ಅತ್ತೆ ಹಣೆ ಹಣೆ ಚಚ್ಚಿಕೊಂಡರು. "ಮುಗೀತು ಕಣಮ್ಮಿ, ವರ್ಸ ಪೂರ್ತಿ ಇಂಗೇಯ!"

ವರ್ಷ ಪೂರ್ತಿ ಹಾಗೇ ನಡೆಯಿತು. ಅವರು ಮಲಗಿದರು, ನಾನು ಕೂಗಾಡಿದೆ.

ಈಗ ಎಲ್ಲರೂ ವರ್ಷ ಕಳೆದಾಗ ಹಿಂತಿರುಗಿ ನೋಡಿ ಫೇಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಮ್ಮ ಮೈದುನ ಅಶ್ವತ್ಥ್ ತಪ್ಪದೆ ಬರೆಯುತ್ತಾನೆ. ಅವನು ಮದುವೆಯಾದ ಮೇಲೆ ಯಲಹಂಕದ ಈ ಹಳೇ ಮನೆ ಬಿಟ್ಟು ಸಹಕಾರನಗರದಲ್ಲಿದ್ದಾನೆ. ಆ ವರ್ಷ ಅವನು ಸೈಕಲ್ ಕೊಂಡಿದ್ದ. ಮೈಗಂಟಿದ ಚಡ್ಡಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ. ಭಾನುವಾರ ಸೈಕಲನ್ನು ಕಾರಿನ ಹಿಂದೆ ಕಟ್ಟಿಕೊಂಡು ನಂದಿ ಬೆಟ್ಟದ ಬುಡದವರೆಗೆ ಹೋಗುತ್ತಾನೆ. ಅಲ್ಲಿ ಇಳಿಸಿ, ಒಂದಷ್ಟು ದೂರ ತುಳಿದು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಫೋಟೋ ತೆಗೆಸಿಕೊಂಡು, ಬರುತ್ತಾ ಎರಡು ಮಸಾಲೆ ದೋಸೆ ತಿನ್ನುತ್ತಾನೆ. ವರ್ಷದ ಕೊನೆಗೆ ಅವನ ಹೊಟ್ಟೆ ಸೈಕಲ್ ಕೊಳ್ಳುವ ಮುಂಚಿನದಕ್ಕಿಂತ ಚೆನ್ನಾಗಿತ್ತು. "ನನ್ನನ್ನು ನಾನು ಕಂಡುಕೊಂಡ ವರ್ಷ" ಎಂದು ಬರೆದಿದ್ದ. ಅಷ್ಟು ದೊಡ್ಡದಾದ ಮೇಲೆ ಕಾಣದೆ ಇರುವುದಾದರೂ ಹೇಗೆ?

ಅವನೇ ಬರೆಯುವುದಾದರೆ ನಾನೂ ಬರೆಯಬಹುದಲ್ಲ. ಬದುಕಿನಲ್ಲಿ ಬದಲಾವಣೆ, ಉದ್ಯೋಗ, ಹೊರಾಂಗಣದ ಮೋಜು, ಮೂರೂ ನಮ್ಮ ಮನೆಯಲ್ಲಿ ಆ ಒಂದೇ ವರ್ಷ ದಂಡಿಯಾಗಿ ನಡೆದವು.

ಬದಲಾವಣೆ ಮೊದಲು. ನಮ್ಮ ಯಜಮಾನರು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನೋಡಿಕೊಳ್ಳುತ್ತಿದ್ದರು. ಮದುವೆಗೂ ಮುಂಚಿನಿಂದ ಅದೇ ಕೆಲಸ. ಹಿಂದಿನ ವರ್ಷದ ದಸರಾ ಆದ ಮೇಲೆ ಕಾರ್ಖಾನೆ ಮುಚ್ಚಿತು. ಆಯುಧಪೂಜೆಗೆ ಅವರೇ ಮೆಷಿನ್ನಿಗೆ ಕುಂಬಳಕಾಯಿ ಒಡೆದಿದ್ದರು. ಮೂರೇ ವಾರಕ್ಕೆ ಆ ಮೆಷಿನ್ನನ್ನು ಲಾರಿಗೆ ಹೇರುವುದನ್ನೂ ನೋಡಿ ಬಂದರು. ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ಚಳಿಗಾಲ ಪೂರ್ತಿ ನಾನು ನೋಡಿದ್ದು ಅವರ ಬೆನ್ನನ್ನು. ಕರೆದರೆ ಹೂಂ ಎನ್ನುತ್ತಿದ್ದರು, ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಮತ್ತೆ ಗೋಡೆ. ನಮ್ಮ ಮಗಳು ಶಾಂತಲಾ, ಆಗ ಎಂಟು ವರ್ಷದವಳು, ಒಂದು ದಿನ "ಅಪ್ಪಂಗೆ ಗೋಡೆ ಒಳಗೆ ಏನ್ ಕಾಣತ್ತಮ್ಮಾ?" ಎಂದು ಕೇಳಿದಳು. ಇದನ್ನು ತಮಾಷೆಗೆ ಹೇಳಲು ನನಗೆ ಬರುವುದಿಲ್ಲ. ನನಗೆ ಭಯವಾಗಿತ್ತು. ರಾತ್ರಿ ಎಚ್ಚರವಾದರೆ ಅವರು ಉಸಿರಾಡುತ್ತಿದ್ದಾರೆಯೇ ಎಂದು ಕೈಯಿಟ್ಟು ನೋಡುತ್ತಿದ್ದೆ.

ಆಮೇಲೆ ಆ ಡಬ್ಬ ಬಂತು. ಗೋಡೆ ನೋಡುತ್ತಿದ್ದವರು ಆಕಾಶ ನೋಡತೊಡಗಿದರು. ಇಷ್ಟೇ ಬದಲಾವಣೆ. ಮಲಗುವುದು ತಪ್ಪಲಿಲ್ಲ.

ಪಾರಿವಾಳ ಹಾರಿಸುವುದು ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಬೆಳಗ್ಗೆ ಹಕ್ಕಿಯನ್ನು ಮೇಲಕ್ಕೆ ಬಿಡುವುದು. ಅದು ಎತ್ತರ ಎತ್ತರ ಹೋಗಿ, ಎಳ್ಳಿನಷ್ಟಾಗಿ, ಅಲ್ಲೇ ನಿಲ್ಲುವುದು. ಕೆಳಗೆ ಗಂಡಸು ಚಾಪೆ ಹಾಕಿ ಅಂಗಾತ ಮಲಗಿ ಅದನ್ನೇ ನೋಡುವುದು. ಸಂಜೆ ಹಕ್ಕಿ ಇಳಿಯುವುದು. ಗಂಡಸು ಎದ್ದು, ಮೈ ಮುರಿದು, "ಇವತ್ತು ಸುಸ್ತಾಯ್ತು ಕಣೇ" ಎನ್ನುವುದು. ಆಟದ ಪೂರ್ತಿ ಕಷ್ಟ ಹಕ್ಕಿಯದು, ಸುಸ್ತು ಗಂಡಸಿನದು. ಹೊರಾಂಗಣದ ಮೋಜು ಎಂದರೆ ಇದು.

ಎರಡು ಇದ್ದದ್ದು ಹತ್ತಾಯಿತು. ಅವಕ್ಕೆ ತಾರಸಿಯ ಮೇಲೆ ಹಲಗೆಯ ಗೂಡು ಎದ್ದಿತು. ಅವುಗಳಲ್ಲಿ ಬಿಳಿ ಮೈಯ, ಬೂದಿ ರೆಕ್ಕೆಯ ಒಂದು ಹೆಣ್ಣಿಗೆ ಚುಕ್ಕಿ ಎಂದು ಹೆಸರಿಟ್ಟರು. ಚುಕ್ಕಿಗೆ ಸಜ್ಜೆ, ಗೋಧಿ, ನೆನೆಸಿದ ಬಾದಾಮಿ. ನಮ್ಮ ಮದುವೆಯಾದ ಹನ್ನೊಂದು ವರ್ಷದಲ್ಲಿ ನನಗೆ ಬಾದಾಮಿ ನೆನೆಸಿ ಕೊಟ್ಟವರಿಲ್ಲ. ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ. "ನನ್ ಸವತೀಗೆ ನೀರಿಟ್ರಾ?" ಎಂದರೆ ಅವರು ನಿಜಕ್ಕೂ ಓಡಿಹೋಗಿ ನೀರಿಟ್ಟು ಬರುತ್ತಿದ್ದರು. ವ್ಯಂಗ್ಯ ಎಂಬುದು ಅವರ ಕಿವಿಗೆ ಬೀಳುವ ಪದಾರ್ಥವಲ್ಲ.

ತಾರಸಿಯ ಮೇಲೆ ಬಟ್ಟೆ ಒಣಗಿಸುವುದು ಬಂದ್ ಆಯಿತು. ಹಕ್ಕಿ ಬೇಗ ಇಳಿದುಬಿಡಬಾರದೆಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬೀಸಿ ಅಭ್ಯಾಸ ಮಾಡಿಸುತ್ತಾರೆ. ಕೆಂಪು ಕಂಡರೆ ಅದು ಇಳಿಯುವುದಿಲ್ಲ. ನಾನು ನೈಟಿ ಒಣಗಿಸಿದರೂ ಸವತಿಗೆ ಗಾಬರಿಯಾಗುತ್ತದಂತೆ. ಅಂದಹಾಗೆ ಕೋಲಿಗೆ ಕಟ್ಟಿದ್ದು ನನ್ನದೇ ಸೀರೆ. ಹೀಗಾಗಿ ನಮ್ಮ ಬಟ್ಟೆಯೆಲ್ಲ ಒಳಗೆ, ಇದ್ದ ಒಂದೇ ಕೋಣೆಯಲ್ಲಿ ಒಣಗುತ್ತಿತ್ತು. ಆ ಕೋಣೆಯಲ್ಲಿ ನಾವಿಬ್ಬರು, ನಡುವೆ ಮಗಳು, ಮೂಲೆಯಲ್ಲಿ ಗ್ರೈಂಡರು, ಮೇಲೆ ಒದ್ದೆ ಬಟ್ಟೆ. ಮಳೆಗಾಲದಲ್ಲಿ ಮೇಲಿನಿಂದ ತೊಟ್ಟಿಕ್ಕಿದರೆ ಅದು ಮಳೆಯೋ ಮಗಳ ಯೂನಿಫಾರಮ್ಮೋ ಎಂದು ಎದ್ದು ನೋಡಬೇಕಿತ್ತು.

ಇನ್ನು ಉದ್ಯೋಗ. ಮನೆಯಲ್ಲಿ ಒಬ್ಬರು ಆಕಾಶ ನೋಡಿದರೆ ಇನ್ನೊಬ್ಬರು ನೆಲ ನೋಡಬೇಕಲ್ಲ. ಬಳ್ಳಾರಿ ರಸ್ತೆಯ ಪಕ್ಕದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿದೆ. ಅಲ್ಲಿನವರ ದೂರು ಕೇಳುವುದು ನನ್ನ ಕೆಲಸ. ಅವರಿಗೆ ನೀರು, ಲಿಫ್ಟು, ಕರೆಂಟು ಎಲ್ಲ ಸರಿಯಿತ್ತು. ಇದ್ದ ಒಂದೇ ಕಷ್ಟ ಪಾರಿವಾಳ! ಬಾಲ್ಕನಿಯಲ್ಲಿ ಪಾರಿವಾಳ, ಏಸಿ ಹಿಂದೆ ಪಾರಿವಾಳ, ಯೋಗ ಮಾಡುವ ಚಾಪೆಯ ಮೇಲೆ ಪಾರಿವಾಳದ ಪ್ರಸಾದ. ನಾನು ಬಲೆ ಕಟ್ಟುವವರನ್ನು ಕರೆಸಿ ಮನೆ ಮನೆಗೆ ಬಲೆ ಹಾಕಿಸಿದೆ. "ಮೇಡಂ, ಈ ಹಕ್ಕಿಗಳನ್ನ ಸಾಕೋರು ಯಾರಾದ್ರೂ ಇರ್ತಾರಾ?" ಎಂದು ಒಬ್ಬ ಹೆಂಗಸು ಕೇಳಿದಳು. "ಛೇ, ತಲೆ ನೆಟ್ಟಗಿರೋರು ಯಾರು ಸಾಕ್ತಾರೆ ಮೇಡಂ" ಎಂದೆ. ಹಗಲು ಪಾರಿವಾಳ ಓಡಿಸಿದ್ದಕ್ಕೆ ಸಂಬಳ ತೆಗೆದುಕೊಂಡು, ಸಂಜೆ ಮನೆಗೆ ಬರುತ್ತಾ ಒಂದು ಪೊಟ್ಟಣ ಸಜ್ಜೆ ತರುತ್ತಿದ್ದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಅಪಾರ್ಟ್‌ಮೆಂಟಿನ ತಾರಸಿಗೆ ಹೋಗಿ ನೀರಿನ ಟ್ಯಾಂಕ್ ನೋಡಿ ಬರುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಟ್ಯಾಂಕ್ ನೋಡಲು ಎರಡು ನಿಮಿಷ ಸಾಕು. ನಾನು ಅರ್ಧ ಗಂಟೆ ನೋಡುತ್ತಿದ್ದೆ. ಟ್ಯಾಂಕ್ ಬಹಳ ಚೆನ್ನಾಗಿತ್ತು.

ಹೀಗೆ ವರ್ಷ ತಿರುಗಿ ಹದಿನಾರರ ಯುಗಾದಿ ಬಂತು. ಹಬ್ಬದ ದಿನ ಅಶ್ವತ್ಥ್ ಹೆಂಡತಿ ಮಕ್ಕಳೊಂದಿಗೆ ಬಂದ. ಬಗಲಲ್ಲಿ ಒಂದು ಸುರುಳಿ. ಒಬ್ಬಟ್ಟಿನ ಊಟವಾದ ಮೇಲೆ ನೆಲದ ಮೇಲೆ ಅದನ್ನು ಬಿಡಿಸಿದ. ನಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟುವ ನಕ್ಷೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯೂ ಮೂರು ನಾಲ್ಕು ಮಹಡಿಯಾಗಿ, ಕಿಟಕಿ ಕಿಟಕಿಯಿಂದ ಪೀಜಿ ಹುಡುಗರು ಟವೆಲ್ ನೇತುಹಾಕಿದ್ದರು. ನಮ್ಮ ಮಾವ ಮುನಿಆಂಜಿನಪ್ಪ ಕಟ್ಟಿಸಿ ಹೋದ ಈ ಮನೆಯೊಂದೇ ಗಿಡ್ಡ. ಅತ್ತೆಗೆ ಅದೇ ಕೊರಗು.

"ಅತ್ತಿಗೆ, ಇಲ್ನೋಡಿ. ಮುಂದ್ಗಡೆ ಪೀಜಿಗೆ. ಹಿಂದ್ಗಡೆ ಎರಡು ರೂಮು ನಿಮ್ಗೆ. ಇದು ನಿಮ್ ಕಿಚನ್ನು" ಎಂದ ಅಶ್ವತ್ಥ್.

ನೀಲಿ ಗೆರೆಯಲ್ಲಿ ಒಂದು ಚೌಕ. ಅದರೊಳಗೆ ಒಲೆ ಬರೆದಿದ್ದರು, ಸಿಂಕ್ ಬರೆದಿದ್ದರು, ಕಿಟಕಿಗೆ ಜಾಗ ಬಿಟ್ಟಿದ್ದರು. ನನ್ನ ಅಡುಗೆಮನೆ! ನಾನೊಬ್ಬಳೇ ಉಪ್ಪು ಎಲ್ಲಿಡಬೇಕೆಂದು ತೀರ್ಮಾನಿಸುವ ಅಡುಗೆಮನೆ. ನನಗೆ ಅದು ಬೇಕೆನಿಸಿತು. ಬಾಯಲ್ಲಿ ನೀರೂರುವಷ್ಟು ಬೇಕೆನಿಸಿತು. ಇದರಲ್ಲಿ ಮುಚ್ಚುಮರೆಯೇನಿಲ್ಲ.

"ಗೂಡು?" ಎಂದರು ಬಾಲರಾಜ್. ಅವರು ನಕ್ಷೆಯಲ್ಲಿ ಅದನ್ನೇ ಹುಡುಕುತ್ತಿದ್ದರು.

"ಅಣ್ಣ, ಸೀರಿಯಸ್ ಆಗಿ ಮಾತಾಡು. ಇದೆಲ್ಲ ಒಂದ್ ಹವ್ಯಾಸಾನಾ? ಆರೋಗ್ಯಕ್ಕಾದ್ರೂ ಒಳ್ಳೇದು ಅನ್ನೋ ಹಂಗಿರ್ಬೇಕು" ಎಂದು ಅಶ್ವತ್ಥ್ ಐದನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡ.

ಬಾಲರಾಜರ ಕಣ್ಣು ನಕ್ಷೆ ಬಿಟ್ಟು ನಿಧಾನವಾಗಿ ಗೋಡೆಯ ಕಡೆ ಹೋಯಿತು. ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ.

ಮರುದಿನ, ಹೊಸತೊಡಕಿನಂದೇ, ಪಾರಿವಾಳದ ಕ್ಲಬ್ಬಿನವರ ಪಂದ್ಯವಿತ್ತು. ಚುಕ್ಕಿಯೂ ಅದರಲ್ಲಿತ್ತು. ಅತ್ತೆ ಅದನ್ನೇ ಹಿಡಿದು ತೀರ್ಪು ಕೊಟ್ಟರು.

"ನೋಡಪ್ಪ ಬಾಲು, ನಾಳೆ ನಿನ್ ಪಾರ್ವಾಳ ಔಟಾಗ್ದೆ ಸಂಜೆ ಗಂಟ ನಿಂತು, ನಮ್ ಮಾಳಿಗೇಗೇ ಇಳೀಲಿ. ಆಮೇಲೆ ನಾನು ಮಾಳಿಗೆ ಕಟ್ಟೋ ಮಾತೇ ಎತ್ತಾಕಿಲ್ಲ. ಇಳೀಲಿಲ್ವಾ, ಗೂಡು ಕಿತ್ತು ಪಿಲ್ಲರ್ ಎಬ್ಬಿಸ್ಬೇಕು. ಆಯ್ತಾ?"

"ಆಯ್ತಮ್ಮ" ಎಂದರು ಬಾಲರಾಜ್. ನನ್ನನ್ನು ಯಾರೂ ಕೇಳಲಿಲ್ಲ. ಎರಡು ಕೋಣೆ ಮತ್ತು ಒಂದು ಅಡುಗೆಮನೆಯ ಭವಿಷ್ಯ ಒಂದು ಬಾದಾಮಿ ತಿನ್ನುವ ಹಕ್ಕಿಯ ರೆಕ್ಕೆಯ ಮೇಲೆ ನಿಂತಿತು.

ಬೆಳಗ್ಗೆ ಅಂಪೈರ್ ಬಂದರು. ಪ್ರತಿ ಮನೆಯ ತಾರಸಿಗೂ ಬೇರೆ ಕಡೆಯ ಒಬ್ಬ ಅಂಪೈರ್ ಬಂದು ದಿನವಿಡೀ ಕೂರಬೇಕೆಂಬುದು ಕ್ಲಬ್ಬಿನ ನಿಯಮ. ಹೊಸತೊಡಕಿನ ದಿನ ಮಟನ್ ಬಿಟ್ಟು ಬರಲು ನಮ್ಮವರು ಯಾರೂ ಒಪ್ಪದೆ, ಆರ್.ಟಿ. ನಗರದಲ್ಲಿ ಕುಷನ್ ಅಂಗಡಿ ಇಟ್ಟಿರುವ ಮನ್ಸೂರ್ ಅವರನ್ನು ಕಳಿಸಿದ್ದರು. ದಪ್ಪ ಮೀಸೆಯ, ಸಣ್ಣ ಮಾತಿನ ಮನುಷ್ಯ. ಬಂದವರೇ ನಿಯಮ ಹೇಳಿದರು. "ಒಂದೊಂದು ಗಂಟೇಲೂ ಒಂದ್ ಸಲ ಹಕ್ಕಿ ನನ್ ಕಣ್ಣಿಗೆ ಬೀಳ್ಬೇಕು ಬಾಲಣ್ಣ, ಇಲ್ದಿದ್ರೆ ಔಟು. ದುರ್ಬೀನು ಇಲ್ಲ. ಐದು ಗಂಟೆ ಮೇಲೆ, ಕತ್ತಲಾಗೋದ್ರೊಳಗೆ, ಇಲ್ಲೇ ಇಳೀಬೇಕು. ಕೈಲಿ ಹಿಡಿದು ತಂದ್ರೆ ಔಟು."

ಚುಕ್ಕಿಯನ್ನು ಬಿಟ್ಟರು. ಅದು ಎರಡು ಸುತ್ತು ಹೊಡೆದು ಮೇಲೇರಿತು. ಗಂಡಸರಿಬ್ಬರೂ ಚಾಪೆ ಹಾಕಿ ಮಲಗಿದರು. ಆಟ ಶುರುವಾಯಿತು.

ನನ್ನ ಆಟ ಕೆಳಗೆ ಶುರುವಾಗಿತ್ತು. ಮಟನ್ ಸಾರು, ಬೋಟಿ ಗೊಜ್ಜು, ಕೈಮ ಉಂಡೆ, ಮುದ್ದೆ, ಅನ್ನ. ಅಶ್ವತ್ಥನ ಸಂಸಾರ ಹಿಂದಿನ ದಿನದಿಂದ ಅಲ್ಲಾಡಿರಲಿಲ್ಲ. ಎಲ್ಲರಿಗೂ ಬಡಿಸಿ, ಅಂಪೈರಿಗೆ ಮೇಲೆ ಬಡಿಸಿ, ಯಜಮಾನರ ತಟ್ಟೆಯನ್ನೂ ಮೇಲೆ ಒಯ್ದೆ. ಅವರು ಆಕಾಶ ನೋಡುತ್ತಲೇ ಮುದ್ದೆ ಮುರಿದು ನುಂಗಿದರು. ನಾನು ತಟ್ಟೆಯಲ್ಲಿ ಚಪ್ಪಲಿ ಇಟ್ಟಿದ್ದರೂ ಸಾರಿಗದ್ದಿ ನುಂಗುತ್ತಿದ್ದರು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು ಮುಂದಿನ ವರ್ಷಕ್ಕೆ ಅಡಿಪಾಯ ಹಾಕಿಕೊಳ್ಳುತ್ತಿದ್ದರು.

ಎರಡನೆಯ ಸಲ ಬಡಿಸಲು ಮೇಲೆ ಹೋದಾಗ ತಾರಸಿಯ ಗಾಳಿಯೇ ಬೇರೆಯಾಗಿತ್ತು. ಇಬ್ಬರೂ ಎದ್ದು ನಿಂತಿದ್ದರು. ಚುಕ್ಕಿ ಕಾಣುತ್ತಿರಲಿಲ್ಲ. ಉರಿಬಿಸಿಲು, ಬೆಳ್ಳಗಿನ ಆಕಾಶ, ನೋಡಿದರೆ ಕಣ್ಣಲ್ಲಿ ನೀರು. ಮನ್ಸೂರ್ ಗಡಿಯಾರ ನೋಡಿಕೊಂಡರು.

"ಟೈಮ್ ಮುಗೀತಾ ಬಂತು ಬಾಲಣ್ಣ."

"ಇದಾಳೆ ಮನ್ಸೂರ್. ಇಲ್ಲೇ ಎಲ್ಲೋ ಇದಾಳೆ."

"ಇರ್ಬೋದು. ನನ್ ಕಣ್ಣಿಗೆ ಬೀಳ್ಬೇಕಲ್ಲ."

ಬಾಲರಾಜ್ ನೆತ್ತಿಯ ಮೇಲೇ ಹುಡುಕುತ್ತಿದ್ದರು. ವರ್ಷವಿಡೀ ಅಂಗಾತ ಮಲಗಿದವರಿಗೆ ಕಾಣುವುದು ನೆತ್ತಿಯಷ್ಟೇ. ಹೊತ್ತೇರಿ ಬಿಸಿಲು ಕಾಯ್ದ ಮೇಲೆ ಚುಕ್ಕಿ ನಮ್ಮ ಮನೆಯ ಮೇಲೆ ಇರುವುದೇ ಇಲ್ಲ. ರೈಲ್ವೆ ಜಂಕ್ಷನ್ನಿನ ಕಡೆ ಸರಿಯುತ್ತದೆ. ಅಲ್ಲಿ ಮೊಬೈಲ್ ಟವರಿನ ಮೇಲೆ, ಬಹಳ ಮೇಲೆ, ಒಂದೇ ಕಡೆ ನಿಂತುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಸಾರಿನ ಪಾತ್ರೆ ಹಿಡಿದುಕೊಂಡು ಆ ಕಡೆ ತಿರುಗಿದೆ. ಇತ್ತು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಏನೂ ಮಾಡಬೇಕಿರಲಿಲ್ಲ. ಸಾರು ಬಡಿಸಿ ಕೆಳಗಿಳಿದರೆ ಆಗಿತ್ತು. ಕೋಣೆ ಎರಡು, ಅಡುಗೆಮನೆ ಒಂದು, ಬಟ್ಟೆ ಒಣಗಿಸಲು ಬಾಲ್ಕನಿ. ಯಾರೂ ನನ್ನನ್ನು ಬೈಯುವಂತಿರಲಿಲ್ಲ. ಹಕ್ಕಿಯ ವಿಷಯ ನನಗೇನು ಗೊತ್ತು?

ಆದರೆ ನಾನು ಅವರ ಮುಖ ನೋಡಿಬಿಟ್ಟೆ. ಮುಖ ನೋಡಬಾರದಿತ್ತು. ಕಣ್ಣು ಆಕಾಶದಿಂದ ಇಳಿಯತೊಡಗಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅದು ಮೆಟ್ಟಿಲಿಳಿದು, ಕೋಣೆಗೆ ಹೋಗಿ, ಗೋಡೆ ಸೇರುತ್ತಿತ್ತು. ಆ ಗೋಡೆಯನ್ನು ಇನ್ನೊಂದು ವರ್ಷ ನೋಡಲು ನನ್ನಿಂದ ಆಗುವುದಿಲ್ಲ. ಹೊಸ ಮಹಡಿಯಲ್ಲಿ ಎರಡು ಕೋಣೆಯಾದರೆ ಗೋಡೆಯೂ ಎಂಟಾಗುತ್ತದೆ.

"ಮನ್ಸೂರಣ್ಣ, ಜಂಕ್ಷನ್ ಕಡೆ ನೋಡಿ. ಮೊಬೈಲ್ ಟವರ್ ಇದ್ಯಲ್ಲ, ಅದರ ನೇರಕ್ಕೆ ಮೇಲಕ್ಕೆ ಹೋಗಿ. ಇನ್ನೂ ಮೇಲಕ್ಕೆ. ಮೋಡದ ತುದಿ ಹತ್ರ."

ಮನ್ಸೂರ್ ಕೈ ಅಡ್ಡ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗಡಿಯಾರ ನೋಡಿ ತಲೆಯಾಡಿಸಿದರು. "ಸಿಕ್ತು. ಮಾಷಾ ಅಲ್ಲಾ. ಭಾಬಿ ಕಣ್ಣೋ ದುರ್ಬೀನೋ!"

ಬಾಲರಾಜ್ ನನ್ನ ಕಡೆ ನೋಡಿದರು. ಏನೋ ಕೇಳಲು ಬಾಯಿ ತೆರೆದರು. "ಸಾರು ಆರಿಹೋಗತ್ತೆ, ತಿನ್ನಿ" ಎಂದು ಹೇಳಿ ಕೆಳಗಿಳಿದೆ. ಮೆಟ್ಟಿಲ ಮೇಲೆ ನಿಂತು ನನಗೆ ನಾನೇ ಚೆನ್ನಾಗಿ ಬೈದುಕೊಂಡೆ. ಮನಸ್ಸಿನಲ್ಲಿ ಬೈದುಕೊಂಡರೆ ಹೊಸತೊಡಕಿಗೆ ಲೆಕ್ಕವಿಲ್ಲ.

ಸಂಜೆಯಾಯಿತು. ಐದು ದಾಟಿತು. ಚುಕ್ಕಿ ಕಡಲೆಯಷ್ಟಾಯಿತು, ನೆಲ್ಲಿಕಾಯಷ್ಟಾಯಿತು, ಮನೆಯ ಸುತ್ತ ಸುತ್ತತೊಡಗಿತು. ಅಶ್ವತ್ಥನೂ, ಅವನ ಮಕ್ಕಳೂ, ಶಾಂತಲಾಳೂ, ಎಲ್ಲ ತಾರಸಿಗೆ ಬಂದರು. ಇನ್ನೇನು ಇಳಿಯಬೇಕು, ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅತ್ತೆ. ಅವರು ತಾರಸಿ ಹತ್ತಿ ಎರಡು ವರ್ಷವಾಗಿತ್ತು. ಕೈಯಲ್ಲಿ ಬಕೆಟ್ಟು. ಯಾರ ಮುಖವನ್ನೂ ನೋಡದೆ, ವರ್ಷದಿಂದ ಖಾಲಿಯಿದ್ದ ತಂತಿಯ ಮೇಲೆ ಒಂದು ಸೀರೆ ಹರವಿದರು. ಕುಂಕುಮಗೆಂಪು. ಉದ್ದಕ್ಕೂ ಎಳೆದು, ನೆರಿಗೆ ಬಿಡಿಸಿ, ಗಾಳಿಗೆ ಚೆನ್ನಾಗಿ ಹಾರುವಂತೆ ಹರವಿದರು.

ಕೆಳಗಿಳಿಯುತ್ತಿದ್ದ ಚುಕ್ಕಿ ಸರ್ರನೆ ಮೇಲಕ್ಕೆದ್ದಿತು.

"ಅಮ್ಮಾ!" ಎಂದರು ಬಾಲರಾಜ್.

"ಏನಪ್ಪ? ನನ್ ಮಾಳಿಗೆ ಮ್ಯಾಗೆ ನಾನೊಂದು ಸೀರೆ ಒಣಗಾಕಬಾರ್ದಾ? ಜಗಳ ಆಡ್ತೀಯಾ? ಆಡು. ಇವತ್ತು ಹೊಸತೊಡಕು, ನೆಪ್ಪಿರಲಿ."

ಬಾಲರಾಜ್ ತೆರೆದ ಬಾಯಿ ಮುಚ್ಚಿದರು. ಅತ್ತೆ ಇದನ್ನು ಬೆಳಗ್ಗೆಯಿಂದ ಮಂಚದ ಮೇಲೆ ಕೂತು ಯೋಚಿಸಿದ್ದರು ಎಂದು ನನಗೆ ಗೊತ್ತಾಯಿತು. ಸೀರೆಯಿಂದ ನುಸಿ ಗುಳಿಗೆಯ ವಾಸನೆ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಒಗೆದ ಸೀರೆಯನ್ನು ತೆಗೆದು, ನೀರಿಗದ್ದಿ ತಂದಿದ್ದರು. ಮನ್ಸೂರ್ ಬೇರೆ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಮನೆಯವರೇ ಬಟ್ಟೆ ಹಾಕಿದರೆ ಅಂಪೈರ್ ಏನು ಮಾಡುತ್ತಾರೆ? ಚುಕ್ಕಿ ಸುತ್ತುತ್ತಲೇ ಇತ್ತು. ಪಡುವಣದಲ್ಲಿ ಸೂರ್ಯ ಪೀಜಿಯೊಂದರ ಹಿಂದೆ ಇಳಿಯುತ್ತಿದ್ದ.

ನಾನು ಹೋಗಿ ಅತ್ತೆಯ ಪಕ್ಕ ನಿಂತೆ. ಬಹಳ ಮೃದುವಾಗಿ ಮಾತಾಡಿದೆ. ವರ್ಷವಿಡೀ ಹಾಗೆ ಮಾತಾಡಬೇಕಾದೀತೆಂಬ ಹೆದರಿಕೆಯಿದ್ದರೂ ಮಾತಾಡಿದೆ.

"ಅಲ್ಲ ಅತ್ತೆ, ನನ್ ಕೈಲಿ ಕೊಟ್ಟಿದ್ರೆ ಆಗ್ತಿರ್ಲಿಲ್ವಾ? ನಾನ್ ಈ ಮನೆಗೆ ಬಂದಾಗಿಂದ ನೀವು ಒಂದ್ ದಿನ ಬಟ್ಟೆ ಒಗ್ದು ಹಾಕ್ದೋರಲ್ಲ. ಹೋಗಿ ಹೋಗಿ ಹೊಸತೊಡಕಿನ ದಿನ ಒಗ್ದಿದೀರ. ಇನ್ನು ವರ್ಷ ಪೂರ್ತಿ ನಿಮ್ ಬಟ್ಟೆ ನೀವೇ ಒಗೀಬೇಕಾಗತ್ತಲ್ಲ ಅತ್ತೆ. ನಾನ್ ಒಗ್ದು ಕೊಡ್ತೀನಿ ಅಂದ್ರೂ ಆಗಲ್ಲ, ದೇವ್ರು ಮಾಡಿದ್ದು."

ಅತ್ತೆಯ ಮುಖದ ಬಣ್ಣ ಇಳಿಯಿತು. ಸೀರೆ ನೋಡಿದರು. ಬಕೆಟ್ ನೋಡಿದರು. ತಮ್ಮ ಎರಡು ಕೈ ನೋಡಿಕೊಂಡರು.

"ನಾನೆಲ್ಲಿ ಒಗ್ದೆ? ಸುಮ್ಕೆ ಅದ್ದಿದ್ದು ಕಣಮ್ಮಿ!"

"ಒಣಗಾಕಿದೀರಲ್ಲ. ಅದೂ ಕೆಲ್ಸಾನೇ."

ಅವರ ವಯಸ್ಸಿನವರು ಅಷ್ಟು ಬೇಗ ಸೀರೆ ಎಳೆದುಕೊಳ್ಳುವುದನ್ನು ನಾನು ನೋಡಿರಲಿಲ್ಲ. ಎಳೆದು, ಉಂಡೆ ಮಾಡಿ, ಬಕೆಟ್ಟಿಗೆ ತುರುಕಿ, ಅದರ ಮೇಲೆ ತಾವೇ ಕೂತುಬಿಟ್ಟರು. "ಒಣಗಾಕೇ ಇಲ್ಲ. ನಾನೇನೂ ಒಣಗಾಕೇ ಇಲ್ಲ" ಎಂದರು ಆಕಾಶಕ್ಕೆ ಕೇಳಿಸುವಂತೆ.

ಚುಕ್ಕಿ ಇನ್ನೆರಡು ಸುತ್ತು ಹಾಕಿತು. ರೆಕ್ಕೆ ಮಡಿಸಿ ಇಳಿಯಿತು. ಗೂಡಿನ ಹಲಗೆಯ ಮೇಲೆ ಕೂತು, ಬಾಯಿ ತೆರೆದು ಉಸಿರಾಡಿತು. ಮನ್ಸೂರ್ ಗಡಿಯಾರ ನೋಡಿ, ಕ್ಲಬ್ಬಿಗೆ ಫೋನ್ ಮಾಡಿ, ಹತ್ತು ನಿಮಿಷ ಬಿಟ್ಟು ಫಲಿತಾಂಶ ಹೇಳಿದರು. ಮೂರನೆಯ ಸ್ಥಾನ. ಬಹುಮಾನ ಟೇಬಲ್ ಫ್ಯಾನು.

ಎರಡು ಕೋಣೆ, ಒಂದು ಅಡುಗೆಮನೆ ಕೊಟ್ಟು ನಾನು ಒಂದು ಟೇಬಲ್ ಫ್ಯಾನ್ ಸಂಪಾದಿಸಿದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ, ಒಳಗೆ ಬಟ್ಟೆ ಬೇಗ ಒಣಗುತ್ತದೆ. ಅಶ್ವತ್ಥ್ ಕೆಳಗೆ ಹೋಗಿ ನಕ್ಷೆ ಸುತ್ತಿದ. ನನ್ನ ನೀಲಿ ಒಲೆ, ನೀಲಿ ಸಿಂಕು, ಎಲ್ಲ ಸುರುಳಿಯೊಳಗೆ ಹೋಯಿತು. ಅತ್ತೆ ಮಾತಿಗೆ ತಪ್ಪಲಿಲ್ಲ. "ಆಡಿದ್ ಮೇಲೆ ಆಯ್ತು. ಇನ್ನು ಮಾಳಿಗೆ ಮಾತು ನಾನ್ ಎತ್ತಾಕಿಲ್ಲ" ಎಂದರು. ಮನ್ಸೂರ್ ಹೊರಟರು. ಮಕ್ಕಳು ಇಳಿದರು. ಅತ್ತೆ ಬಕೆಟ್ಟಿನಿಂದ ಏಳಲಾರದೆ ಅಲ್ಲೇ ಕೂತಿದ್ದರು. ನಾನು ಚಾಪೆ ಸುತ್ತುತ್ತಿದ್ದೆ. ಬಾಲರಾಜ್ ಚುಕ್ಕಿಗೆ ನೀರಿಟ್ಟು ಬಂದು ನನ್ನೆದುರು ನಿಂತರು.

"ಅವ್ಳು ಜಂಕ್ಷನ್ ಕಡೆ ಇರ್ತಾಳೆ ಅಂತ ನಿಂಗೆ ಹೆಂಗೆ ಗೊತ್ತಾಯ್ತೇ?"

"ನಮ್ ಆಫೀಸ್ ತಾರಸಿಯಿಂದ ಕಾಣತ್ತೆ. ಊಟದ ಟೈಮಲ್ಲಿ."

"ನೋಡ್ತಿದ್ಯಾ?"

"ಟ್ಯಾಂಕ್ ನೋಡಕ್ಕೆ ಹೋಗ್ಬೇಕಲ್ಲ, ಹಂಗೇ ಕಾಣತ್ತೆ."

"ದಿನಾನಾ?"

"ದಿನಾ ಏನಿಲ್ಲ. ಭಾನುವಾರ ರಜಾ ಇರತ್ತೆ."

ಅವರು ಕೆಳಗೆ ಮಾಡಿದ್ದ ಕಣ್ಣು ಎತ್ತಿ ನೋಡಿದರು. ಆಕಾಶವನ್ನಲ್ಲ.

"ಮತ್ತೆ ಊಟ ಯಾವಾಗ ಮಾಡ್ತಿದ್ದೆ?" ಎಂದರು. ನಾನು ಚಾಪೆ ಸುತ್ತುತ್ತಲೇ ಇದ್ದೆ. "ತೇಜು, ಇವತ್ತು ಊಟ ಮಾಡಿದ್ಯಾ ನೀನು?"

ಮಾಡಿರಲಿಲ್ಲ. ಬೆಳಗ್ಗೆಯಿಂದ ಬಡಿಸಿದ್ದೆ, ಉಂಡಿರಲಿಲ್ಲ. ನಾನೇ ಮರೆತಿದ್ದೆ. ಹಿಂದಿನ ಹೊಸತೊಡಕಿಗೂ ಉಂಡಿರಲಿಲ್ಲ. ಕಾರ್ಖಾನೆ ಮುಚ್ಚಿದಾಗಿನಿಂದ ಈ ಮನುಷ್ಯ ನನ್ನನ್ನು ಈ ಮಾತು ಕೇಳಿರಲಿಲ್ಲ. ಒಂದೂವರೆ ವರ್ಷ ನಾನು ಕೂಗಾಡಿದ್ದು ಪಾರಿವಾಳಕ್ಕಲ್ಲ, ಬಟ್ಟೆಗಲ್ಲ, ಈ ಒಂದು ಮಾತು ಕೇಳಲಿ ಎಂದು. ಅದು ಕಿವಿಗೆ ಬಿದ್ದ ಕೂಡಲೇ ನನಗೆ ಅಳು ಬಂತು. ಚಾಪೆ ಹಿಡಿದುಕೊಂಡೇ ಅತ್ತುಬಿಟ್ಟೆ.

"ಅಯ್ಯೋ, ಅಳಬ್ಯಾಡ್ವೇ! ಇವತ್ತು ಅತ್ರೆ ವರ್ಸೆಲ್ಲಾ ಅಳ್ತೀಯ ಕಣೇ!" ಎಂದು ನಮ್ಮತ್ತೆ ಬಕೆಟ್ ಮೇಲಿಂದಲೇ ಕಿರುಚಿದರು. "ಲೋ ಬಾಲು, ಏನ್ ನೋಡ್ತಾ ನಿಂತಿದೀಯೋ, ಓಗಿ ಅವ್ಳಿಗೆ ಇಕ್ಕಂಡು ಬಾರೋ!"

ಬಾಲರಾಜ್ ಮೆಟ್ಟಿಲಿಳಿದು ಓಡಿದರು. ಕೆಳಗೆ ಪಾತ್ರೆಗಳು ಬಿದ್ದ ಸದ್ದಾಯಿತು. ತಟ್ಟೆಯ ಮೇಲೆ ತಟ್ಟೆ ಮುಚ್ಚಿ ತಂದರು. ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ಸಾರು ಬಿಸಿ ಮಾಡಲು ಹೋಗಿ ತಳ ಹಿಡಿಸಿದ್ದರು. ಉಳಿದಿದ್ದ ಕೈಮ ಉಂಡೆಗಳನ್ನೆಲ್ಲ ಒಂದೂ ಬಿಡದೆ ಹಾಕಿಕೊಂಡು ಬಂದಿದ್ದರು. ನಾನು ಗೂಡಿಗೆ ಒರಗಿ ಕೂತೆ. ಅವರು ಎದುರು ಕೂತು, ಚುಕ್ಕಿಯ ಕಡೆ ತಿರುಗದೆ, ನಾನು ತಿನ್ನುವುದನ್ನೇ ನೋಡಿದರು. ಹಿಂದೆ ಸವತಿ ಗುಟುರು ಹಾಕುತ್ತಾ ನೀರು ಕುಡಿಯುತ್ತಿತ್ತು.

ಹೊಸತೊಡಕಿನ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೂ ಅವತ್ತು ತಟ್ಟೆ ಮುಂದೆ ಚಾಚಿ, ಅವರ ಕೈಯಿಂದಲೇ ಇನ್ನೊಂದು ಸಲ ಬಡಿಸಿಕೊಂಡು ಉಂಡೆ.